ಕೆಮ್ಮಣ್ಣಿನ ಕೆಂಪು ಏನು ಮಾಡಬಲ್ಲದು?

ಬೆಂಗಳೂರಿನಿಂದ ಊರಿಗೆ ಹೊರಟವರು ಬೆಳ್ಳೂರು ಕ್ರಾಸ್‌ನಲ್ಲಿ ಎಡಕ್ಕೆ ತಿರುಗಿ, ನಾಗಮಂಗಲ ದಾಟಿ ಪಾಂಡವಪುರದ ಕಡೆ ಬಂದರೆ ಒಂದು ವಿಷಯ ಕಣ್ಣಿಗೆ ಬಿದ್ದೇ ಬೀಳುತ್ತೆ. ನೆಲದ ಬಣ್ಣ ಬದಲಾಗುತ್ತೆ. ಮೊದಲು ರಾಗಿ, ಹುರುಳಿ, ತೆಂಗಿನ ಕೆಂಪು ಹೊಲಗಳು. ಆಮೇಲೆ ವಿಶ್ವೇಶ್ವರಯ್ಯ ನಾಲೆ ಎದುರಾಗುತ್ತಿದ್ದಂತೆ ಭತ್ತ, ಕಬ್ಬು, ಕಣ್ಣು ತುಂಬ ಹಸಿರು. ಹಸಿರಿನ ಬಗ್ಗೆ ನಾವು ಬೇಕಾದಷ್ಟು ಮಾತಾಡಿದ್ದೀವಿ. ಕಾವೇರಿ ಅಂದ್ರೆ ನಮ್ಮ ಜಿಲ್ಲೆಗೆ ಉಸಿರು. ಆದರೆ ಆ ಕೆಂಪಿನ ಬಗ್ಗೆ? ಬಟ್ಟೆಗೆ ಅಂಟಿದ್ರೆ ಹೋಗಲ್ಲ ಅನ್ನೋದು ಬಿಟ್ಟರೆ ನಮಗೆ ಹೆಚ್ಚು ಗೊತ್ತಿಲ್ಲ.

ಆ ಕೆಂಪಿನ ಹೆಸರು ಹೆಮಟೈಟ್. ಕಬ್ಬಿಣ ಮತ್ತು ಆಮ್ಲಜನಕ ಸೇರಿ ಆದ ಆಕ್ಸೈಡ್. ಹಳೆ ಗೇಟಿನ ಮೇಲೆ ಹಿಡಿಯುವ ತುಕ್ಕಿನ ಹತ್ತಿರದ ನೆಂಟ. ಬಳ್ಳಾರಿಯಿಂದ ಲಾರಿಗಟ್ಟಲೆ ಹೋಗುವ ಅದಿರೂ ಇದೇ. ಪ್ರಪಂಚದ ಹಲವು ಪ್ರಯೋಗಾಲಯಗಳಲ್ಲಿ ಈ ಆಕ್ಸೈಡನ್ನು ಗಾಜಿನ ಮೇಲೆ ಪೈರಿನ ಹಾಗೆ ಬೆಳೆಸಿ, ಅದರಿಂದ ಬಿಸಿಲನ್ನು ಇಂಧನ ಮಾಡುವ ಪ್ರಯತ್ನ ದಶಕಗಳಿಂದ ನಡೀತಿದೆ. ಇವತ್ತಿನ ಅಂಕಣ ಅದರ ಬಗ್ಗೆ.

ಕೆಂಪು ಅಂದ್ರೆ ಏನರ್ಥ?

ಒಂದು ವಸ್ತು ಕೆಂಪಾಗಿ ಕಾಣುತ್ತೆ ಅಂದ್ರೆ ಅದು ಕೆಂಪು ಬೆಳಕನ್ನು ವಾಪಸ್ ಕಳಿಸಿ, ನೇರಳೆ, ನೀಲಿ, ಹಸಿರನ್ನು ನುಂಗಿಕೊಳ್ತಿದೆ ಅಂತ. ಹೆಮಟೈಟ್ ಸುಮಾರು 590 ನ್ಯಾನೋಮೀಟರ್‌ಗಿಂತ ಕಡಿಮೆ ತರಂಗಾಂತರದ ಬೆಳಕನ್ನೆಲ್ಲ ಹೀರಿಕೊಳ್ಳುತ್ತೆ. ಹಾಗೆ ಹೀರಿದ ಬೆಳಕು ಒಳಗಿರುವ ಎಲೆಕ್ಟ್ರಾನ್ ಒಂದನ್ನು ಎಬ್ಬಿಸಿ ಕಳಿಸುತ್ತೆ. ಅದು ಬಿಟ್ಟು ಹೋದ ಖಾಲಿ ಜಾಗಕ್ಕೆ ವಿಜ್ಞಾನಿಗಳು ‘ಹೋಲ್’ ಅಂತಾರೆ. ಬಸ್ಸಿನಲ್ಲಿ ಒಬ್ಬರು ಎದ್ದರೆ ಪಕ್ಕದವರು ಆ ಸೀಟಿಗೆ ಜರುಗ್ತಾರೆ, ಅವರ ಸೀಟಿಗೆ ಇನ್ನೊಬ್ಬರು. ಖಾಲಿ ಸೀಟೇ ನಡ್ಕೊಂಡು ಹೋದ ಹಾಗೆ ಕಾಣುತ್ತಲ್ಲ, ಹೋಲ್ ಓಡಾಡೋದೂ ಹಾಗೇ.

ಎಲೆಕ್ಟ್ರಾನ್ ಒಂದು ಕಡೆ, ಹೋಲ್ ಇನ್ನೊಂದು ಕಡೆ ಹೋದರೆ ಕರೆಂಟ್. ಈ ಆಟವನ್ನು ನೀರಿನೊಳಗೆ ಆಡಿಸಿದರೆ ಇನ್ನೂ ಮಜಾ ಇದೆ. ಹೋಲ್ ನೀರನ್ನು ಒಡೆದು ಆಮ್ಲಜನಕ ಮಾಡುತ್ತೆ. ಎಲೆಕ್ಟ್ರಾನ್ ತಂತಿಯಲ್ಲಿ ಹರಿದು ಆಚೆ ಬದಿಯಲ್ಲಿ ಹೈಡ್ರೋಜನ್ ಮಾಡುತ್ತೆ. ಬಿಸಿಲು, ನೀರು, ತುಕ್ಕು ಸೇರಿ ಇಂಧನ. ಎಲೆಗಳು ಮಾಡುವ ಕೆಲಸಕ್ಕೆ ಹತ್ತಿರದ ಕೆಲಸ ಇದು.

ಇದಕ್ಕೆ ದಾರಿ ತೋರಿಸಿದ್ದು ಜಪಾನಿನ ಫುಜಿಶಿಮಾ ಮತ್ತು ಹೋಂಡಾ. 1972ರಲ್ಲಿ ಅವರು ಬಳಸಿದ್ದು ಟೈಟಾನಿಯಂ ಆಕ್ಸೈಡ್, ಅಂದ್ರೆ ಗೋಡೆಗೆ ಬಳಿಯುವ ಬಿಳಿ ಪೇಂಟಿಗೆ ಬಿಳುಪು ಕೊಡುವ ಪುಡಿ. ಕೆಲಸ ಮಾಡ್ತು. ಆದರೆ ಬಿಳಿ ಅಂದ್ರೆ ಕಣ್ಣಿಗೆ ಕಾಣೋ ಬೆಳಕನ್ನೆಲ್ಲ ವಾಪಸ್ ಕಳಿಸೋದು ಅಂತ. ಅದು ತಿನ್ನೋದು ಅತಿನೇರಳೆ ಕಿರಣ ಮಾತ್ರ, ಬಿಸಿಲಿನಲ್ಲಿ ಅದರ ಪಾಲು ಸುಮಾರು ಶೇ. 5. ಅದಕ್ಕೇ ಬಣ್ಣ ಇರುವ, ಅಗ್ಗದ, ವಿಷವಿಲ್ಲದ, ನೀರಲ್ಲಿ ಕರಗದ ಆಕ್ಸೈಡ್ ಹುಡುಕ್ತಾ ಹೋದವರು ಕಬ್ಬಿಣದ ಹತ್ತಿರ ಬಂದು ನಿಂತರು.

ಕೊನೆ ಭಾಗದ ರೈತರ ಕಷ್ಟ

ಹಾಗಾದ್ರೆ ತುಕ್ಕು ಹಿಡಿದ ತಗಡನ್ನು ನೀರಿನಲ್ಲಿಟ್ಟರೆ ಹೈಡ್ರೋಜನ್ ಯಾಕೆ ಬರಲ್ಲ?

ನಾಲೆ ಬಯಲಿನವರಿಗೆ ಇದನ್ನು ಹೇಳೋದು ಸುಲಭ. ನಾಲೆಯಲ್ಲಿ ನೀರು ಬಿಟ್ಟ ಸುದ್ದಿ ಪೇಪರಿನಲ್ಲಿ ಬರುತ್ತೆ, ಕೊನೆ ಭಾಗದ ಗದ್ದೆಗೆ ನೀರು ಬರಲ್ಲ. ದಾರಿಯಲ್ಲೇ ಮುಗಿದು ಹೋಗುತ್ತೆ. ಹೆಮಟೈಟ್ ಒಳಗೂ ಇದೇ ಕಥೆ. ಒಂದು ನ್ಯಾನೋಮೀಟರ್ ಅಂದ್ರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಅದನ್ನು ಒಂದು ಹೆಜ್ಜೆ ಅಂದುಕೊಳ್ಳಿ. ಬೆಳಕನ್ನು ಪೂರ್ತಿ ಹೀರೋಕೆ ಪದರ ನೂರಾರು ಹೆಜ್ಜೆ ದಪ್ಪ ಇರಬೇಕು. ಆದರೆ ಒಳಗೆ ಹುಟ್ಟಿದ ಹೋಲ್ ನಡೆಯಬಲ್ಲದ್ದು ಎರಡರಿಂದ ನಾಲ್ಕು ಹೆಜ್ಜೆ. ಅಷ್ಟರಲ್ಲಿ ಯಾವುದಾದರೂ ಎಲೆಕ್ಟ್ರಾನ್ ಬಂದು ಆ ಖಾಲಿ ಸೀಟಿನಲ್ಲಿ ಕೂತುಬಿಡುತ್ತೆ. ಹೀರಿದ ಬೆಳಕು ಬರೀ ಬಿಸಿಯಾಗಿ ಮುಗಿಯಿತು.

ಪದರ ತೆಳ್ಳಗೆ ಮಾಡಿದರೆ ಬೆಳಕು ಸಿಗಲ್ಲ. ದಪ್ಪ ಮಾಡಿದರೆ ಹೋಲ್ ದಡ ಸೇರಲ್ಲ. ಈ ಇಕ್ಕಟ್ಟಿಗೆ ಪರಿಹಾರ ನಮ್ಮ ಕಬ್ಬಿನ ಗದ್ದೆಯಲ್ಲೇ ಇದೆ: ಸಾಲು ಬಿಡೋದು. ಗದ್ದೆ ಪೂರ್ತಿ ಸಪಾಟಾಗಿ ಬಿಡೋ ಬದಲು ಏರು, ಸಾಲು, ಏರು, ಸಾಲು ಅಂತ ಮಾಡಿದರೆ ಯಾವ ಬುಡವೂ ನೀರಿಗೆ ದೂರ ಇರಲ್ಲ. ಪ್ರಯೋಗಾಲಯದಲ್ಲಿ ಮಾಡೋದೂ ಅದನ್ನೇ. ಗಾಜಿನ ಮೇಲೆ ಹೆಮಟೈಟಿನ ಕಡ್ಡಿಗಳನ್ನು ಒತ್ತೊತ್ತಾಗಿ ನೆಟ್ಟಗೆ ನಿಲ್ಲಿಸ್ತಾರೆ. ಎತ್ತರ ನೂರಾರು ನ್ಯಾನೋಮೀಟರ್, ಹಾಗಾಗಿ ಮೇಲಿಂದ ಇಳಿಯುವ ಬೆಳಕಿಗೆ ಬೇಕಾದಷ್ಟು ಆಳ ಸಿಗುತ್ತೆ. ದಪ್ಪ ಕೆಲವೇ ಹತ್ತು ನ್ಯಾನೋಮೀಟರ್, ಕಡ್ಡಿಗಳ ನಡುವೆ ನೀರು. ಹೋಲ್ ಕೆಳಗಿನ ತನಕ ನಡೆಯಬೇಕಿಲ್ಲ, ಪಕ್ಕಕ್ಕೆ ತಿರುಗಿದರೆ ನೀರೇ ಸಿಗುತ್ತೆ. ಬರೀ ಸಣ್ಣದು ಅನ್ನೋ ಕಾರಣಕ್ಕೆ ಯಾರೂ ನ್ಯಾನೋ ಹಿಂದೆ ಬಿದ್ದಿಲ್ಲ. ಇಲ್ಲಿ ಆಕಾರಕ್ಕೆ ಕೆಲಸ ಇದೆ.

ಒಟ್ಲು, ನಾಟಿ, ಗೂಡು

ಇಷ್ಟು ಸಣ್ಣ ಕಡ್ಡಿಗಳನ್ನು ಕೆತ್ತೋಕೆ ಯಾವ ಉಳಿಯೂ ಇಲ್ಲ. ಬೆಳೆಸಬೇಕು. ಆ ವಿಧಾನ ಕೇಳಿದರೆ ನಿಮಗೆ ಪರಿಚಿತ ಅನಿಸುತ್ತೆ.

ಸತುವಿನ ಆಕ್ಸೈಡ್ ಕಡ್ಡಿಗಳನ್ನೇ ತಗೊಳ್ಳಿ. ಮೊದಲು ಗಾಜಿನ ಮೇಲೆ ಬೀಜದ ತೆಳು ಪದರ ಕೊಡ್ತಾರೆ. ಇದು ಒಟ್ಲು ಬಿಟ್ಟ ಹಾಗೆ. ಆಮೇಲೆ ಆ ಗಾಜನ್ನು ಸತುವಿನ ನೈಟ್ರೇಟ್ ಮತ್ತು ಹೆಕ್ಸಮೀನ್ ಅನ್ನೋ ರಾಸಾಯನಿಕ ಕರಗಿಸಿದ ನೀರಿನಲ್ಲಿ ಬೋರಲಾಗಿ ಮುಳುಗಿಸಿ, ಸುಮಾರು 90 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ಗಂಟೆ ಇಡ್ತಾರೆ. ಅನ್ನ ಕುದಿಯೋದಕ್ಕಿಂತ ಕಡಿಮೆ ಬಿಸಿ. ಹೆಕ್ಸಮೀನ್ ನಿಧಾನಕ್ಕೆ ಒಡೆದು ನೀರನ್ನು ಸ್ವಲ್ಪ ಸ್ವಲ್ಪವೇ ಕ್ಷಾರ ಮಾಡುತ್ತೆ, ಸತು ಒಂದೇ ಸಲ ಗಸಿಯಾಗಿ ತಳ ಸೇರದೆ ಬೀಜದ ಮೇಲೆ ಕೂತು ಷಟ್ಕೋನದ ಕಡ್ಡಿಯಾಗಿ ಏಳುತ್ತೆ.

ಅವಸರ ಮಾಡಿದರೆ ಕೆಡುತ್ತೆ ಅನ್ನೋದು ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡಿದ ಪಾಂಡವಪುರದ ಹಿರಿಯರಿಗೆ ಹೇಳಿಕೊಡಬೇಕಿಲ್ಲ. ಅಲ್ಲೂ ಗಟ್ಟಿಯಾದ ಪಾಕಕ್ಕೆ ನುಣ್ಣನೆಯ ಸಕ್ಕರೆಯ ಬೀಜ ಹಾಕಿ, ಅದರ ಮೇಲೆ ಹರಳು ಬೆಳೆಸ್ತಾರೆ. ಪಾಕ ಮಿತಿಮೀರಿ ಗಟ್ಟಿಯಾದರೆ ಬೇಡದ ಕಡೆಯೆಲ್ಲ ಹೊಸ ಹರಳು ಹುಟ್ಟಿ ಸಕ್ಕರೆ ಪುಡಿಪುಡಿ. ತತ್ವ ಎರಡು ಕಡೆಯೂ ಒಂದೇ.

ಕಬ್ಬಿಣದ ಕಡ್ಡಿಗೆ ಇನ್ನೊಂದು ಹೆಜ್ಜೆ ಜಾಸ್ತಿ. ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಸುಮಾರು 100 ಡಿಗ್ರಿಯಲ್ಲಿ ಮೊದಲು ಬೆಳೆಯೋದು ಹಳದಿ ಬಣ್ಣದ, ಒಳಗೆ ನೀರಿನಂಶ ಇರುವ ಆಕ್ಸೈಡ್. ಅದನ್ನು ಕುಲುಮೆಯಲ್ಲಿ 550 ಡಿಗ್ರಿಗೆ, ಕೆಲವೊಮ್ಮೆ 800 ಡಿಗ್ರಿಯ ತನಕ ಸುಟ್ಟಾಗ ಕೆಂಪು ಹೆಮಟೈಟ್ ಆಗುತ್ತೆ. ಇಟ್ಟಿಗೆ ಗೂಡಿನಲ್ಲಿ ಮಂಕು ಬಣ್ಣದ ಹಸಿ ಇಟ್ಟಿಗೆ ಕೆಂಪಗೆ ಬೆಂದು ಬರುತ್ತಲ್ಲ, ಅದರ ಕೆಂಪೂ ಈ ಹೆಮಟೈಟಿನದೇ. 800 ಡಿಗ್ರಿಯಲ್ಲಿ ಇನ್ನೊಂದು ಲಾಭ ಇದೆ. ಗಾಜಿನ ಮೇಲೆ ಕರೆಂಟ್ ಹರಿಯಲಿ ಅಂತ ಬಳಿದಿರುವ ತವರದ ಆಕ್ಸೈಡಿನಿಂದ ಒಂದಿಷ್ಟು ತವರ ಕಡ್ಡಿಯೊಳಗೆ ಸೇರಿಕೊಳ್ಳುತ್ತೆ. ಸಾರಿಗೆ ಉಪ್ಪು ಬಿದ್ದ ಹಾಗೆ, ಅಷ್ಟರಿಂದಲೇ ಕರೆಂಟ್ ಹರಿಯೋದು ಸುಧಾರಿಸುತ್ತೆ.

ಯೂರಿಯಾ ಹಚ್ಚಿದ ಬೆಂಕಿ

ಆಕ್ಸೈಡ್ ಪುಡಿ ಮಾಡುವ ಒಂದು ವಿಧಾನ ಹುಟ್ಟಿದ್ದೇ ನಮ್ಮ ಬೆಂಗಳೂರಿನಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದ್ರೆ ಹಿರಿಯರ ಬಾಯಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಪ್ರೊ. ಕೆ.ಸಿ. ಪಾಟೀಲ್ ಮತ್ತು ಅವರ ವಿದ್ಯಾರ್ಥಿಗಳು 1980ರ ದಶಕದಲ್ಲಿ ರೂಪಿಸಿದ ವಿಧಾನ ಅದು. ಅಲ್ಯೂಮಿನಿಯಂ ನೈಟ್ರೇಟ್ ಮತ್ತು ಯೂರಿಯಾವನ್ನು ನೀರಲ್ಲಿ ಕರಗಿಸಿ, 500 ಡಿಗ್ರಿಗೆ ಕಾದ ಕುಲುಮೆಯೊಳಗೆ ಇಡೋದು. ಕುದಿಯುತ್ತೆ, ನೊರೆ ಬರುತ್ತೆ, ಭಗ್ಗನೆ ಹತ್ತಿಕೊಳ್ಳುತ್ತೆ. ಸುಮಾರು ಐದು ನಿಮಿಷದಲ್ಲಿ ಪಾತ್ರೆ ತುಂಬ ಬಿಳಿ ನೊರೆಯಂಥ ಹಗುರ ಆಕ್ಸೈಡ್. 1988ರಲ್ಲಿ ಇದು ಪ್ರಕಟವಾಯಿತು. ಈಗ ಜಗತ್ತಿನ ಎಲ್ಲೆಡೆ ಬಳಕೆಯಲ್ಲಿರುವ ‘ದ್ರಾವಣ ದಹನ’ ವಿಧಾನ ಇದೇ.

ಇದರ ಜಾಣ್ಮೆ ನೋಡಿ. ಆಕ್ಸೈಡ್ ಆಗೋಕೆ ಬೇಕಾದ ಭಾರೀ ಬಿಸಿಯನ್ನು ಕುಲುಮೆ ಕೊಡಬೇಕಿಲ್ಲ. ನೈಟ್ರೇಟ್ ಮತ್ತು ಯೂರಿಯಾ ತಮ್ಮೊಳಗೇ ಉರಿದು ಅದನ್ನು ಕೊಡ್ತವೆ. ಕುಲುಮೆಯದು ಬೆಂಕಿಕಡ್ಡಿ ಗೀರುವ ಕೆಲಸ ಅಷ್ಟೇ. ಒಟ್ಟಿಗೇ ಬರುವ ಅನಿಲಗಳು ಪುಡಿಯನ್ನು ಗಂಟು ಕಟ್ಟೋಕೆ ಬಿಡದೆ ಬಿಡಿಸಿಡ್ತವೆ. ಹಾಗಾಗಿ ಕಣಗಳು ಸಣ್ಣವಾಗೇ ಉಳೀತವೆ. ಕೋಟಿಗಟ್ಟಲೆ ಯಂತ್ರ ಬೇಡ. ಅದಕ್ಕೇ ಕರ್ನಾಟಕದ ಎಷ್ಟೋ ಕಾಲೇಜುಗಳ ರಸಾಯನ, ಭೌತ ವಿಭಾಗಗಳು ಇದೇ ವಿಧಾನ ಹಿಡಿದಿವೆ. ಯೂರಿಯಾ ಬದಲು ಗಿಡದ ರಸವನ್ನೇ ಇಂಧನ ಮಾಡಿದ ಪ್ರಯೋಗಗಳೂ ಬೇಕಾದಷ್ಟಿವೆ. (ಮನೆಯಲ್ಲಿ ಟ್ರೈ ಮಾಡೋಕೆ ಹೋಗಬೇಡಿ. ನೈಟ್ರೇಟ್ ಜೊತೆ ಆಟ ಬೇಡ.)

ಪುಡಿಯನ್ನು ಗಾಜಿಗೆ ಬಳಿದೂ ಸೋಲಾರ್ ಸೆಲ್ ಮಾಡಬಹುದು. 1991ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಓ'ರೀಗನ್ ಮತ್ತು ಗ್ರೆಟ್ಸೆಲ್ ಟೈಟಾನಿಯಂ ಆಕ್ಸೈಡಿನ ನ್ಯಾನೋ ಕಣಗಳ ಪದರಕ್ಕೆ ಬಣ್ಣ ಹಚ್ಚಿ, ಬಿಸಿಲಿನ ಶೇ. 7ಕ್ಕೂ ಹೆಚ್ಚು ಪಾಲನ್ನು ಕರೆಂಟ್ ಮಾಡಿ ತೋರಿಸಿದರು. ಬೆಳಕನ್ನು ಹಿಡಿಯೋದು ಬಣ್ಣ, ಎಲೆಕ್ಟ್ರಾನ್ ಸಾಗಿಸೋದು ಆಕ್ಸೈಡ್. ಕಣಗಳು ಸಣ್ಣ ಆದಷ್ಟೂ ಬಣ್ಣ ಕೂರೋಕೆ ಜಾಗ ಜಾಸ್ತಿ.

ಕಾವೇರಿ ನೀರು ಸಾಕಾ?

ನೀರಿನಿಂದ ಹೈಡ್ರೋಜನ್ ಅಂದ ತಕ್ಷಣ ಮಂಡ್ಯದವರಿಗೆ ಬರುವ ಮೊದಲ ಪ್ರಶ್ನೆ ಇದು: ಕುಡಿಯೋಕೇ ನೀರಿಲ್ಲ, ಇದಕ್ಕೆಲ್ಲಿಂದ ತರ್ತೀರಾ ಸ್ವಾಮಿ? ನ್ಯಾಯವಾದ ಪ್ರಶ್ನೆ. ಲೆಕ್ಕ ಹಾಕೋಣ.

ಒಂದು ಕಿಲೋ ಹೈಡ್ರೋಜನ್‌ಗೆ ಒಡೆಯಬೇಕಾದ ನೀರು 9 ಲೀಟರ್. ಒಂದು ಎಕರೆ ಅಂದ್ರೆ ಸುಮಾರು 4,047 ಚದರ ಮೀಟರ್. ನಮ್ಮ ಕಡೆ ದಿನಕ್ಕೆ ಒಂದು ಚದರ ಮೀಟರಿಗೆ 5 ಯೂನಿಟ್ ಬಿಸಿಲು ಅಂತ ಇಟ್ಟುಕೊಳ್ಳಿ. ಅದರಲ್ಲಿ ಶೇ. 10 ಹೈಡ್ರೋಜನ್ ಆಯ್ತು ಅಂತ ಕನಸು ಕಾಣಿ. ಆಗ ಎಕರೆಗೆ ದಿನಕ್ಕೆ ಸುಮಾರು 60 ಕಿಲೋ ಹೈಡ್ರೋಜನ್. ವರ್ಷಕ್ಕೆ ಬೇಕಾಗೋ ನೀರು ಸುಮಾರು 2 ಲಕ್ಷ ಲೀಟರ್. ಶುದ್ಧೀಕರಣದಲ್ಲಿ ಪೋಲಾಗೋದು ಸೇರಿಸಿ ಎರಡು ಪಟ್ಟು ಮಾಡಿ, 4 ಲಕ್ಷ.

ಅದೇ ಎಕರೆಯಲ್ಲಿ ಒಂದು ಬೆಳೆ ಭತ್ತಕ್ಕೆ 1,200 ಮಿಲಿಮೀಟರ್ ನೀರು ಅಂತ ಹಿಡಿದರೆ 48 ಲಕ್ಷ ಲೀಟರ್ ಆಗುತ್ತೆ!

ಭತ್ತ ಬಿಟ್ಟು ಹೈಡ್ರೋಜನ್ ಬೆಳೀರಿ ಅಂತ ಈ ಲೆಕ್ಕದ ಅರ್ಥ ಅಲ್ಲ. ಹೈಡ್ರೋಜನ್ ಉಂಡು ಯಾರೂ ಬದುಕಲ್ಲ. ಆದರೆ ಇಂಥ ಘಟಕಕ್ಕೆ ನಾಲೆಯ ಗದ್ದೆ ಬೇಕಿಲ್ಲ, ಬಿಸಿಲು ಜಾಸ್ತಿ ನೀರು ಕಮ್ಮಿ ಇರುವ ನಾಗಮಂಗಲದ ಒಣ ದಿಣ್ಣೆ, ಕೆ.ಆರ್. ಪೇಟೆಯ ಮಳೆಯಾಶ್ರಿತ ಹೊಲದ ಅಂಚು ಸಾಕು. ತಡೆ ನೀರಿನದಲ್ಲ, ಆ ಶೇ. 10ರದು.

ಹೊಗಳಿಕೆಗೆ ಮುಂಚೆ ಮೂರು ಪ್ರಶ್ನೆ

ಹೆಮಟೈಟಿನಿಂದ ಒಂದು ಚದರ ಸೆಂಟಿಮೀಟರಿಗೆ ಸಿದ್ಧಾಂತದ ಪ್ರಕಾರ ಸಿಗಬಹುದಾದ ಕರೆಂಟ್ ಸುಮಾರು 12.6 ಮಿಲಿಆಂಪಿಯರ್. ಪ್ರಯೋಗಾಲಯದ ಹೆಸರುವಾಸಿ ಫಲಿತಾಂಶಗಳೂ ಅದರ ಅರ್ಧ ಮುಟ್ಟೋಕೆ ಹೆಣಗಾಡ್ತವೆ. ಜೊತೆಗೆ ಹೆಮಟೈಟ್‌ನಿಂದ ಏಳುವ ಎಲೆಕ್ಟ್ರಾನ್‌ಗೆ ಒಂಟಿಯಾಗಿ ಹೈಡ್ರೋಜನ್ ಮಾಡುವಷ್ಟು ಕಸುವಿಲ್ಲ. ಹೊರಗಿಂದ ವೋಲ್ಟೇಜ್ ಕೊಟ್ಟು ತಳ್ಳಬೇಕು. ಇನ್ನೊಂದು ಕಡೆ, ಅಂಗಡಿಯಲ್ಲೇ ಸಿಗುವ ಶೇ. 20ರ ಸಿಲಿಕಾನ್ ಪ್ಯಾನೆಲ್‌ಗೆ ನೀರು ಒಡೆಯುವ ಎಲೆಕ್ಟ್ರೊಲೈಸರ್ ಯಂತ್ರ ಜೋಡಿಸಿದರೆ ಇವತ್ತೇ ಆ ಶೇ. 10 ದಾಟಬಹುದು. ತುಕ್ಕು ಗೆಲ್ಲಬೇಕಾದ್ರೆ ಈ ಜೋಡಿಗಿಂತ ಅಗ್ಗ ಆಗಬೇಕು, ವರ್ಷಗಟ್ಟಲೆ ಬಾಳಬೇಕು.

ಹಾಗಾಗಿ ‘ನ್ಯಾನೋದಿಂದ ಸೌರಶಕ್ತಿ ಕ್ರಾಂತಿ’ ಅಂತ ಫಾರ್ವರ್ಡ್ ಬಂದಾಗ ಮೂರೇ ಪ್ರಶ್ನೆ ಕೇಳಿ. ಎಷ್ಟು ಗಂಟೆ ನಡೆಸಿ ನೋಡಿದ್ದಾರೆ? ಹೊರಗಿಂದ ಎಷ್ಟು ವೋಲ್ಟೇಜ್ ಕೊಟ್ಟಿದ್ದಾರೆ? ಸೆಲ್ ಎಷ್ಟು ದೊಡ್ಡದು, ಉಗುರಿನಷ್ಟಾ, ಕಿಟಕಿಯಷ್ಟಾ?

ನಮ್ಮ ಜಿಲ್ಲೆಗೆ ಈ ಪಾಠ ಹೊಸದೇನಲ್ಲ. ಶ್ರೀರಂಗಪಟ್ಟಣದ ಕಡೆಯ ಮರಳಗಾಲ–ಅಲ್ಲಾಪಟ್ಟಣದಲ್ಲಿ ಲಿಥಿಯಂ ಇದೆ ಅಂತ ಸುದ್ದಿಯಾದಾಗ 2020ರಲ್ಲಿ ಎಲ್ಲರ ಬಾಯಲ್ಲಿದ್ದ ಅಂಕಿ 14,100 ಟನ್. 2021ರಲ್ಲಿ ಕೇಂದ್ರ ಸರ್ಕಾರ ಹೇಳಿದ್ದು 1,600 ಟನ್, ಅದೂ ಅಂದಾಜು ಹಂತದ ಲೆಕ್ಕ. ಲಿಥಿಯಂ ಇದ್ದದ್ದು ಸುಳ್ಳಲ್ಲ. ಅವಸರದ ಅಂಕಿ ಮಾತ್ರ ಅವಸರದ್ದೇ.

ಹಾಗಾದ್ರೆ ನಾವೇನು ಮಾಡೋಣ?

ಊರಿನ ಮನೆಗೆ ಸೋಲಾರ್ ಹಾಕಿಸಬೇಕು ಅಂತ ಯೋಚನೆ ಮಾಡ್ತಿದ್ದರೆ ನ್ಯಾನೋ ಪ್ಯಾನೆಲ್‌ಗೆ ಕಾಯಬೇಡಿ. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ನಿಗದಿಯಾಗಿದೆ. ಅಪ್ಪ ಅಮ್ಮನ ಹೆಸರಲ್ಲಿ ಅರ್ಜಿ ಹಾಕುವ ಮುಂಚೆ ಈಗಿನ ನಿಯಮ ಒಮ್ಮೆ ನೋಡಿಕೊಳ್ಳಿ. ಇನ್ನೊಂದು ತಮಾಷೆ ಗೊತ್ತಾ? ಇತ್ತೀಚಿನ ಪರ್ಕ್ ಮಾದರಿಯ ಸಿಲಿಕಾನ್ ಸೆಲ್ಲಿನ ಬೆನ್ನಿಗೆ ಕೆಲವೇ ನ್ಯಾನೋಮೀಟರ್ ದಪ್ಪದ ಅಲ್ಯೂಮಿನಿಯಂ ಆಕ್ಸೈಡ್ ಪದರ ಇರುತ್ತೆ. ಎಲೆಕ್ಟ್ರಾನ್ ಮತ್ತು ಹೋಲ್ ಅಲ್ಲಿ ಮತ್ತೆ ಸೇರಿ ಪೋಲಾಗದ ಹಾಗೆ ಅದು ಕಾವಲು ಕಾಯುತ್ತೆ. ಲೋಹದ ಆಕ್ಸೈಡ್ ನಿಮ್ಮ ಮಹಡಿ ಹತ್ತುವಾಗ ಸದ್ದಿಲ್ಲದೆ ಹತ್ತಿರುತ್ತೆ.

ಊರಿನ ತಮ್ಮನೋ ತಂಗಿಯೋ ಎಂ.ಎಸ್ಸಿ. ಮಾಡ್ತಿದ್ದು, ‘ನ್ಯಾನೋದಲ್ಲಿ ಪ್ರಾಜೆಕ್ಟ್ ಮಾಡಲಾ ಅಕ್ಕ?’ ಅಂತ ಕೇಳಿದರೆ, ಮಾಡು ಅನ್ನಿ. ಜೊತೆಗೆ ಒಂದು ಮಾತು ಸೇರಿಸಿ: ಪುಡಿ ಮಾಡಿ, ಮೆಥಿಲೀನ್ ಬ್ಲೂ ಬಣ್ಣ ಹೋಗಿದ್ದು ತೋರಿಸಿ, ಪೇಪರ್ ಬರೆದು ನಿಲ್ಲಿಸಬೇಡ. ಆ ಪುಡಿಯನ್ನು ಗಾಜಿನ ಮೇಲೆ ತಂದು ಬಿಸಿಲಲ್ಲಿಟ್ಟು ಕರೆಂಟ್ ಅಳೆದು ನೋಡು. ನಮ್ಮ ಕಾಲೇಜಲ್ಲಿ ಯಂತ್ರ ಇಲ್ಲ ಅಂದ್ರೆ, ಹೊರಗಿನ ಕಾಲೇಜುಗಳ ಸಂಶೋಧಕರಿಗೂ ಐಐಎಸ್‌ಸಿಯ ನ್ಯಾನೋ ಕೇಂದ್ರವನ್ನು ತೆರೆದಿಡುವ ಐಎನ್‌ಯುಪಿ ಅನ್ನೋ ಕಾರ್ಯಕ್ರಮ ಇದೆ. ಮೇಷ್ಟ್ರ ಮೂಲಕ ಅರ್ಜಿ ಹಾಕಿಸು.

ಇದನ್ನು ಒತ್ತಿ ಹೇಳೋಕೆ ಕಾರಣ ಇದೆ. 1902ರಲ್ಲಿ ನಮ್ಮದೇ ಜಿಲ್ಲೆಯ ಶಿವನಸಮುದ್ರದಲ್ಲಿ ಕಾವೇರಿಯ ನೀರು ಕರೆಂಟ್ ಆಯಿತು. ಆ ಕರೆಂಟ್ ಹೋಗಿದ್ದು ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು. ನದಿಯ ದಂಡೆಯ ಹಳ್ಳಿಗಳು ತಮ್ಮ ಸರದಿಗೆ ದಶಕಗಟ್ಟಲೆ ಕಾದವು. ನೀರು ನಮ್ಮದಾಗಿತ್ತು, ಅದನ್ನು ಕರೆಂಟ್ ಮಾಡುವ ವಿದ್ಯೆ ಮತ್ತು ದುಡ್ಡು ಬೇರೆಯವರದಾಗಿತ್ತು.

ಈಗ ಸರದಿ ಬಿಸಿಲಿನದು. ಕೇಂದ್ರದ ಹಸಿರು ಹೈಡ್ರೋಜನ್ ಮಿಷನ್ 2023ರ ಜನವರಿಯಲ್ಲಿ ಒಪ್ಪಿಗೆ ಪಡೆದಿದೆ, ಮೊತ್ತ 19,744 ಕೋಟಿ ರೂಪಾಯಿ. ಒಣ ನೆಲ ಹುಡುಕಿಕೊಂಡು ಕಂಪನಿಗಳು ಬಂದೇ ಬರ್ತವೆ. ಆಗ ಗುತ್ತಿಗೆ ಪತ್ರಕ್ಕೆ ಸಹಿ ಹಾಕೋರು ಮಾತ್ರ ನಮ್ಮೂರಿನವರಾಗಿ, ಸೆಲ್ ಮಾಡೋರು, ಅಳೆಯೋರು, ರಿಪೇರಿ ಮಾಡೋರು ಎಲ್ಲ ಹೊರಗಿನವರಾದರೆ ಶಿವನಸಮುದ್ರದ ಕಥೆಯೇ ಮತ್ತೆ. ತುಕ್ಕಿನ ಕಡ್ಡಿ ನಾಳೆ ಗೆಲ್ಲಲಿ, ಸಿಲಿಕಾನೇ ಮುಂದುವರಿಯಲಿ, ಇನ್ಯಾವುದೋ ಹೊಸ ಆಕ್ಸೈಡ್ ಬರಲಿ. ಅದನ್ನು ಬೆಳೆಸೋಕೆ ಕಲಿತ ನಾಲ್ಕು ಕೈಗಳು ಶ್ರೀರಂಗಪಟ್ಟಣದಲ್ಲೂ, ಪಾಂಡವಪುರದಲ್ಲೂ, ಕೆ.ಆರ್. ಪೇಟೆ, ನಾಗಮಂಗಲದಲ್ಲೂ ಇದ್ದರೆ, ಆ ಬೆಳೆಯಲ್ಲಿ ನಮ್ಮ ಪಾಲನ್ನು ನಾವೇ ಕೇಳಿ ಪಡೆಯಬಹುದು.

ನಿಮ್ಮೂರಿನ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರ ನಂಬರ್ ಇನ್ನೂ ಫೋನಿನಲ್ಲಿದ್ದರೆ ಈ ಬರಹ ಅವರಿಗೊಮ್ಮೆ ಕಳಿಸಿ. ‘ಸಾರ್, ನಮ್ಮ ಕೆಮ್ಮಣ್ಣು ಕರೆಂಟ್ ಕೊಡುತ್ತಂತೆ’ ಅಂತ ಒಂದು ಸಾಲು ಸೇರಿಸಿ. ಮಿಕ್ಕಿದ್ದನ್ನು ಅವರು ಮಕ್ಕಳ ಜೊತೆ ನೋಡ್ಕೋತಾರೆ.